ಅಪ್ಪನ ಪಿಪ್ಪಾ

ಓದುಗ ಅಕ್ಕತಂಗಿಯರೇ, ಎಣ್ಣೆ ಮುಗಿದ ಮೇಲೆ ಉಳಿಯುವ ಹದಿನೈದು ಕಿಲೋ ತಗಡಿನ ಡಬ್ಬಕ್ಕೆ ನಿಮ್ಮ ಮನೆಯಲ್ಲಿ ಏನೆನ್ನುತ್ತೀರಿ? ಕೆಲವರು ಟಿನ್ ಎನ್ನುತ್ತಾರೆ, ಕೆಲವರು ಡಬ್ಬ ಎನ್ನುತ್ತಾರೆ. ನನ್ನ ತವರಿನಲ್ಲಿ ಮಾತ್ರ ಅದಕ್ಕೆ 'ಪಿಪ್ಪಾ' ಎಂದೇ ಹೆಸರು. ಅಕ್ಕಿ ಪಿಪ್ಪಾ, ರಾಗಿಹಿಟ್ಟಿನ ಪಿಪ್ಪಾ, ಬಚ್ಚಲಿನಲ್ಲಿ ನೀರು ತುಂಬಿಡುವ ಪಿಪ್ಪಾ. ಮದುವೆಯಾಗಿ ಹಾಸನಕ್ಕೆ ಬಂದ ಹೊಸದರಲ್ಲಿ, "ಅತ್ತೆ, ಪಿಪ್ಪಾ ಎಲ್ಲಿಡಲಿ?" ಎಂದು ಕೇಳಿ ಮನೆಮಂದಿಯೆಲ್ಲ ನಕ್ಕುಬಿಟ್ಟಿದ್ದರು. ಅದು ನಮ್ಮ ಅರಕಲಗೂಡು ಕಡೆಯ ಮಾತಿರಬೇಕು ಅಂತ ಅತ್ತೆ ಅಂದುಕೊಂಡರು. ನಿಜ ಹೇಳಬೇಕೆಂದರೆ ನಾನೂ ಹಾಗೇ ಅಂದುಕೊಂಡಿದ್ದೆ. ಅದು ನಮ್ಮೂರಿನ ಮಾತಲ್ಲ, ಅಪ್ಪನೊಬ್ಬನ ಮಾತು ಎಂದು ತಿಳಿಯಲು ನನಗೆ ನಲವತ್ತು ದಾಟಬೇಕಾಯಿತು. ಅಷ್ಟರಲ್ಲಿ ಅಪ್ಪನೇ ಇರಲಿಲ್ಲ.

ಅಪ್ಪ ಮಿಲಿಟರಿಯಲ್ಲಿದ್ದವನು. 1968ರಲ್ಲಿ ಸೇರಿ 1986ರಲ್ಲಿ ಪೆನ್ಷನ್ ಬಂದ. ಊರಿನಲ್ಲಿ ಅವನನ್ನು ಎಲ್ಲರೂ 'ದಫೇದಾರ್ರು' ಎನ್ನುತ್ತಿದ್ದರು. ಡಿ.ಸಿ. ಆಫೀಸಿನಲ್ಲಿ ಬಿಳಿ ಉಡುಪು, ಕೆಂಪು ಪಟ್ಟಿ, ಪೇಟ ಕಟ್ಟಿಕೊಂಡು ಬಾಗಿಲಲ್ಲಿ ನಿಲ್ಲುತ್ತಾರಲ್ಲ ದಫೇದಾರರು, ಚಿಕ್ಕವಳಿದ್ದಾಗ ನಮ್ಮಪ್ಪನೂ ಅದೇ ಕೆಲಸದಲ್ಲಿದ್ದ ಎಂದು ತಿಳಿದಿದ್ದೆ. ಕಾಲ್ದಳದಲ್ಲಿ ಹವಾಲ್ದಾರ್ ಎನ್ನುವ ದರ್ಜೆಗೆ ಕುದುರೆ ದಳದ ಸಂಪ್ರದಾಯದಲ್ಲಿ ದಫೇದಾರ್ ಎನ್ನುತ್ತಾರೆ, ಕುದುರೆ ಹೋಗಿ ಟ್ಯಾಂಕು ಬಂದರೂ ಹೆಸರು ಹಾಗೇ ಉಳಿದಿದೆ ಎನ್ನುವುದನ್ನು ಯಾರೂ ನನಗೆ ಹೇಳಲಿಲ್ಲ. ನಾನು ಕೇಳಲೂ ಇಲ್ಲ.

ಮನೆಗೆ ಬಂದ ಮೇಲೆ ಅಪ್ಪ ಹಾಸನದ ಬ್ಯಾಂಕೊಂದರಲ್ಲಿ ಗಾರ್ಡ್ ಕೆಲಸಕ್ಕೆ ಸೇರಿದ. ಮನೆಗೆಲಸದಲ್ಲಿ ಕೈ ಹಾಕುವ ಗಂಡಸಲ್ಲ. ತಟ್ಟೆ ಎತ್ತಿಡುತ್ತಿರಲಿಲ್ಲ. ಆದರೆ ಎಣ್ಣೆ ಪಿಪ್ಪಾ ಖಾಲಿಯಾದರೆ ಮಾತ್ರ ಅವ್ವನಿಗೆ ಮುಟ್ಟಲು ಬಿಡುತ್ತಿರಲಿಲ್ಲ. ತಾನೇ ಬಾವಿಕಟ್ಟೆಗೆ ಒಯ್ದು, ಬೂದಿ ಹುಣಸೆಹಣ್ಣು ಹಾಕಿ, ತೋಳು ಪೂರ್ತಿ ಒಳಗೆ ಬಿಟ್ಟು ಉಜ್ಜುವುದೇ ಉಜ್ಜುವುದು. ನಾಲ್ಕು ಸಲ, ಐದು ಸಲ ತೊಳೆಯುತ್ತಿದ್ದ. ಬಿಸಿಲಿಗಿಟ್ಟು, ಮೂಸಿ ನೋಡಿ, ಮತ್ತೆ ತೊಳೆಯುತ್ತಿದ್ದ. "ಸಾಕು ಬಿಡಿ, ತಗಡು ಸವೆದು ಹೋಗ್ತದೆ" ಎಂದು ಅವ್ವ ರೇಗಿದರೆ ಕೇಳಿಸಿಕೊಳ್ಳುತ್ತಿರಲಿಲ್ಲ.

ಕೇಳಿಸಿಕೊಳ್ಳುತ್ತಿರಲಿಲ್ಲ ಎಂದರೆ, ನಿಜಕ್ಕೂ ಅವನಿಗೆ ಕೇಳಿಸುತ್ತಿರಲಿಲ್ಲ. ಅಪ್ಪನ ಕಿವಿ ಮಂದ. ತನಗೆ ಕೇಳಿಸದ ಕಾರಣ ಎಲ್ಲರಿಗೂ ಕೇಳಿಸುವುದಿಲ್ಲ ಎನ್ನುವಂತೆ ಕಿರುಚಿ ಮಾತಾಡುತ್ತಿದ್ದ. ನಾನು ಒಂಬತ್ತನೇ ಕ್ಲಾಸಿನಲ್ಲಿದ್ದಾಗ ಒಂದು ದಿನ ಫೀಸು ಕಟ್ಟಲು ಶಾಲೆಗೆ ಬಂದ. ಹೆಡ್‌ಮಾಸ್ತರು ಮೆಲ್ಲಗೆ ಏನೋ ಕೇಳಿದರು. ಅಪ್ಪ "ಆಂ? ಏನಂದ್ರೀ?" ಎಂದು ಇಡೀ ಶಾಲೆಗೆ ಕೇಳುವ ಹಾಗೆ ಕೂಗಿದ. ಹುಡುಗಿಯರೆಲ್ಲ ಕಿಸಕ್ಕನೆ ನಕ್ಕರು. ಸಾಯಂಕಾಲ ಮನೆಗೆ ಬಂದವಳೇ, "ಅಪ್ಪ, ಇನ್ಮೇಲೆ ನೀನು ಸ್ಕೂಲಿಗೆ ಬರಬೇಡ. ನಂಗೆ ನಾಚಿಕೆ ಆಗ್ತದೆ" ಎಂದುಬಿಟ್ಟೆ. ಅಪ್ಪ ಏನೂ ಅನ್ನಲಿಲ್ಲ. ಆಮೇಲೆ ಬರಲೂ ಇಲ್ಲ. ಎಸ್ಸೆಸ್ಸೆಲ್ಸಿ ಮುಗಿಯುವವರೆಗೂ ಫೀಸು ಕಟ್ಟಲು ಅಣ್ಣನೇ ಬಂದ. ಅಪ್ಪನಿಗೆ ಆ ಮಾತು ಸರಿಯಾಗಿ ಕೇಳಿಸಿರಲಾರದು ಎಂದು ಇಷ್ಟು ವರ್ಷ ನನಗೆ ನಾನೇ ಸಮಾಧಾನ ಹೇಳಿಕೊಂಡಿದ್ದೆ.

2022ರಲ್ಲಿ ಅಪ್ಪ ತೀರಿಕೊಂಡ. ಎಪ್ಪತ್ತಮೂರು ವಯಸ್ಸು. ತಿಥಿ ಕಳೆದ ಮೇಲೆ ಅವ್ವನಿಗೆ ಫ್ಯಾಮಿಲಿ ಪೆನ್ಷನ್ ಮಾಡಿಸಬೇಕಲ್ಲ, ಕಾಗದಪತ್ರಕ್ಕಾಗಿ ಅಪ್ಪನ ಕಪ್ಪು ಟ್ರಂಕನ್ನು ಮೊದಲ ಸಲ ತೆರೆದೆವು. ಒಳಗೆ ಡಿಸ್ಚಾರ್ಜ್ ಬುಕ್ಕು, ಪೆನ್ಷನ್ನಿನ ಪಿ.ಪಿ.ಓ., ಒಂದು ಕರವಸ್ತ್ರದಲ್ಲಿ ಗಂಟು ಕಟ್ಟಿದ ಪದಕಗಳು, ಸೋಮವಾರಪೇಟೆ ಕಡೆಯಿಂದ ಬಂದ ಒಂದು ಹಳೇ ಇನ್‌ಲ್ಯಾಂಡ್ ಲೆಟರು. ದಾಖಲೆಯಲ್ಲಿ ಅವ್ವನ ತವರಿನ ಹೆಸರಿತ್ತು, ಆಧಾರಿನಲ್ಲಿ ಮದುವೆಯಲ್ಲಿ ಇಟ್ಟ ಹೆಸರು. ಅದನ್ನು ಸರಿಪಡಿಸಲು ಅಫಿಡವಿಟ್ಟು, ಫೋಟೋ, ಜಿಲ್ಲಾ ಸೈನಿಕ ಕಲ್ಯಾಣ ಕಚೇರಿಗೆ ಓಡಾಟ, ಹೀಗೆ ವರ್ಷವೇ ಹಿಡಿಯಿತು. ಪೆನ್ಷನ್ ಆದ ಮೇಲೆ ಟ್ರಂಕು ಮತ್ತೆ ಅಟ್ಟಕ್ಕೆ ಹೋಯಿತು. ಪದಕಗಳು ಯಾವುವು, ಯಾತಕ್ಕೆ ಸಿಕ್ಕವು ಎಂದು ಆಗಲೂ ನಾನು ನೋಡಲಿಲ್ಲ. ಇದನ್ನು ಬರೆಯಲು ನಾಚಿಕೆಯಾಗುತ್ತದೆ, ಆದರೆ ಬರೆಯದಿದ್ದರೆ ಮುಂದಿನದು ನಿಮಗೆ ಅರ್ಥವಾಗುವುದಿಲ್ಲ.

2023ರ ನವೆಂಬರಿನಲ್ಲಿ, ದೀಪಾವಳಿ ರಜೆಗೆ ಬಂದಿದ್ದ ನನ್ನ ಮಗ ಟೀವಿಯಲ್ಲಿ ಒಂದು ಹಿಂದಿ ಸಿನಿಮಾ ಹಾಕಿದ. ನಾನು ಅಡುಗೆಮನೆಯಲ್ಲಿ ಕಜ್ಜಾಯ ಬೇಯಿಸುತ್ತಿದ್ದೆ. "ಅಮ್ಮಾ, ಬೇಗ ಬಾ! ತಾತನ ಪಿಪ್ಪಾ!" ಎಂದು ಕೂಗಿದ. ಜಾಲರಿ ಹಿಡಿದುಕೊಂಡೇ ಓಡಿದೆ. ಸಿನಿಮಾದ ಹೆಸರೇ 'ಪಿಪ್ಪಾ'! ರಷ್ಯಾದಿಂದ ತಂದ ಪಿ.ಟಿ. 76 ಎಂಬ ಟ್ಯಾಂಕಿಗೆ ನಮ್ಮ ಸೈನಿಕರು ಇಟ್ಟ ಹೆಸರಂತೆ. ಅದು ನೆಲದ ಮೇಲೂ ಓಡುತ್ತದೆ, ನೀರಿನಲ್ಲೂ ತೇಲುತ್ತದೆ. ಖಾಲಿ ತುಪ್ಪದ ಡಬ್ಬ ನೀರಿನಲ್ಲಿ ತೇಲುವುದಿಲ್ಲವೇ, ಉತ್ತರದ ಕಡೆ ಆ ಡಬ್ಬಕ್ಕೆ ಪಿಪ್ಪಾ ಎನ್ನುತ್ತಾರೆ. ಹಾಗೆ ಬಂದ ಹೆಸರು. ಅವ್ವ ಸೋಫಾದ ಮೇಲೆ ಕೂತಿದ್ದವಳು ಪಿಟ್ಟೆನ್ನಲಿಲ್ಲ. ಕಜ್ಜಾಯ ಸೀದು ಹೋಯಿತು.

ಅವತ್ತು ರಾತ್ರಿಯೇ ಟ್ರಂಕು ಇಳಿಸಿದೆವು. ಡಿಸ್ಚಾರ್ಜ್ ಬುಕ್ಕಿನಲ್ಲಿ 'ಡ್ರೈವರ್' ಎಂದಿತ್ತು, ರೆಜಿಮೆಂಟು '45 ಕ್ಯಾವಲ್ರಿ' ಎಂದಿತ್ತು. ಪದಕಗಳನ್ನು ಒರೆಸಿ ನೋಡಿದರೆ ಅಂಚಿನಲ್ಲಿ ಸಣ್ಣ ಅಕ್ಷರದಲ್ಲಿ ಅಪ್ಪನ ನಂಬರು, ಹೆಸರು ಕೊರೆದಿದ್ದರು. ಒಂದು ನಕ್ಷತ್ರದ ಆಕಾರದ್ದು. ಅದು ಪೂರ್ವಿ ಸ್ಟಾರ್, 1971ರ ಯುದ್ಧದಲ್ಲಿ ಪೂರ್ವ ಗಡಿಯಲ್ಲಿದ್ದವರಿಗೆ ಕೊಟ್ಟದ್ದು. ಇನ್ನೊಂದು ಸಂಗ್ರಾಮ್ ಮೆಡಲ್, ಅದೂ ಅದೇ ಯುದ್ಧದ್ದು. ನಮ್ಮಪ್ಪ ಬಾಂಗ್ಲಾ ಯುದ್ಧದಲ್ಲಿದ್ದ! ಅಪ್ಪ ಅವ್ವನ ಮದುವೆ ಆದದ್ದು 1974ರಲ್ಲಿ. "ಅದಕ್ಕೂ ಮುಂಚಿನದು ನಾನೇನು ಕಂಡೆ? ನಾನು ಕೇಳಿದಾಗೆಲ್ಲ, ರಸ್ತೆ ತುಂಬಾ ಜನ, ತಲೆ ಮೇಲೆ ಗಂಟು, ಕಂಕುಳಲ್ಲಿ ಮಕ್ಕಳು ಅಂತ ಅಷ್ಟೇ ಹೇಳೋರು" ಎಂದಳು ಅವ್ವ. ಆ ವರ್ಷ ಅಲ್ಲಿಂದ ಸುಮಾರು ಒಂದು ಕೋಟಿ ಜನ ನಿರಾಶ್ರಿತರಾಗಿ ನಮ್ಮ ದೇಶಕ್ಕೆ ಬಂದಿದ್ದರೆಂದು ನಾನು ಆಮೇಲೆ ಓದಿದೆ.

ಆಮೇಲೆ ನನಗೊಂದು ಹುಚ್ಚೇ ಹಿಡಿಯಿತು ಅನ್ನಿ. ಮಧ್ಯಾಹ್ನ ಊಟದ ಪಾತ್ರೆ ತೊಳೆದಿಟ್ಟ ಮೇಲೆ ನಿಮ್ಮಲ್ಲಿ ಕೆಲವರು ಧಾರಾವಾಹಿ ನೋಡುತ್ತೀರಿ, ಕೆಲವರು ಕಸೂತಿ ಹಾಕುತ್ತೀರಿ. ನಾನು ಯುದ್ಧ ಓದತೊಡಗಿದೆ. ಆ ಸಿನಿಮಾಕ್ಕೆ ಮೂಲವಾದ ಪುಸ್ತಕವನ್ನು ಮಗ ತರಿಸಿಕೊಟ್ಟ. ಅದೇ ರೆಜಿಮೆಂಟಿನಲ್ಲಿ ಆಗ ಕ್ಯಾಪ್ಟನ್ ಆಗಿದ್ದ ಬಲರಾಮ್ ಸಿಂಗ್ ಮೆಹ್ತಾ ಅವರು 2016ರಲ್ಲಿ ಹೊರತಂದ 'ದಿ ಬರ್ನಿಂಗ್ ಚಾಫೀಸ್'. ನನ್ನದು ಎಸ್ಸೆಸ್ಸೆಲ್ಸಿ ಇಂಗ್ಲಿಷು. ಒಂದು ಪುಟಕ್ಕೆ ಹತ್ತು ಸಲ ಡಿಕ್ಷನರಿ ತೆಗೆಯಬೇಕು. ಆದರೂ ಬಿಡಲಿಲ್ಲ.

ನನಗೆ ತಿಳಿದದ್ದನ್ನು ನಿಮಗೂ ಸರಳವಾಗಿ ಹೇಳುತ್ತೇನೆ. ಯುದ್ಧ ಶುರುವಾದದ್ದು 1971ರ ಡಿಸೆಂಬರ್ 3ಕ್ಕೆ ಎಂದು ನಾವೆಲ್ಲ ಶಾಲೆಯಲ್ಲಿ ಓದಿದ್ದೇವೆ. ಆದರೆ ಅದಕ್ಕೂ ಹದಿಮೂರು ದಿನ ಮೊದಲೇ, ನವೆಂಬರ್ 20ರ ರಾತ್ರಿ, 14 ಪಂಜಾಬ್ ಎಂಬ ಕಾಲ್ದಳದ ಪಡೆಯೂ 45 ಕ್ಯಾವಲ್ರಿಯ ಹದಿನಾಲ್ಕು ಪಿಪ್ಪಾಗಳೂ ಬೊಯ್ರಾ ಎಂಬಲ್ಲಿಂದ ಕಬಡಕ್ ನದಿ ದಾಟಿ ಗರೀಬ್‌ಪುರ ಎಂಬ ಹಳ್ಳಿಗೆ ಹೋದವು. ಅದು ಜೆಸ್ಸೋರ್ ಪಟ್ಟಣದ ದಾರಿ. 21ರ ಬೆಳಗಿನ ಜಾವ ದಟ್ಟ ಮಂಜು. ಆ ಮಂಜಿನಲ್ಲಿ ಎದುರಿನಿಂದ ಅಮೆರಿಕದ ಚಾಫೀ ಟ್ಯಾಂಕುಗಳು ಬಂದವು. ನಮ್ಮ ಪಿಪ್ಪಾ ತೇಲಬೇಕಾದ್ದರಿಂದ ಅದರ ತಗಡು ತೆಳುವು, ಅತಿ ದಪ್ಪ ಇರುವಲ್ಲಿಯೂ ಸುಮಾರು ಎರಡು ಸೆಂಟಿಮೀಟರ್ ಅಷ್ಟೆ. ಸ್ಕ್ವಾಡ್ರನ್ನಿನ ಮುಖಂಡ ಮೇಜರ್ ದಲ್ಜಿತ್ ಸಿಂಗ್ ನಾರಂಗ್ ಅವರು ಮಂಜಿನಲ್ಲಿ ಕಣ್ಣು ಕಾಣಲೆಂದು ತಮ್ಮ ಟ್ಯಾಂಕಿನಿಂದ ಮೇಲೆದ್ದು ನಿಂತು ಅಪ್ಪಣೆ ಕೊಡುತ್ತಲೇ ಪ್ರಾಣ ಬಿಟ್ಟರು. ಅವರಿಗೆ ಮರಣಾನಂತರ ಮಹಾವೀರ ಚಕ್ರ ಬಂತು. ಕ್ಯಾಪ್ಟನ್ ಮೆಹ್ತಾ ಅವರು ನಾಯಕತ್ವ ವಹಿಸಿಕೊಂಡು ಹೋರಾಟ ಮುಗಿಸಿದರು. ಡಿಸೆಂಬರ್ 7ಕ್ಕೆ ಜೆಸ್ಸೋರ್ ನಮ್ಮ ಕೈಗೆ ಬಂತು. 16ಕ್ಕೆ ಢಾಕಾದಲ್ಲಿ ಶರಣಾಗತಿ ಆಯಿತು.

ಇಷ್ಟು ತಿಳಿದ ಮೇಲೆ ಅಣ್ಣನ ಉತ್ಸಾಹ ಹೇಳತೀರದು. "ನಮ್ಮಪ್ಪ ಗರೀಬ್‌ಪುರದ ಹೀರೋ" ಎಂದು ಊರೆಲ್ಲ ಹೇಳಿಕೊಂಡು ಬಂದ. 2024ರ ಡಿಸೆಂಬರ್ 16ಕ್ಕೆ, ವಿಜಯ ದಿವಸಕ್ಕೆ, ಊರ ಶಾಲೆಯ ಮುಂದೆ ಅಪ್ಪನ ದೊಡ್ಡ ಫ್ಲೆಕ್ಸ್ ಹಾಕಿಸುವುದು ಎಂದು ತೀರ್ಮಾನವಾಯಿತು. ಫ್ಲೆಕ್ಸಿನಲ್ಲಿ ಹಾಕುವ ವಾಕ್ಯವೂ ಸಿದ್ಧವಾಗಿತ್ತು: 'ಗರೀಬ್‌ಪುರ ಕದನದ ವೀರ ಯೋಧ'.

ನನಗೆ ಮಾತ್ರ ಒಂದು ಅಳುಕು. ಒಂದು ರೆಜಿಮೆಂಟಿನಲ್ಲಿ ಹಲವು ಸ್ಕ್ವಾಡ್ರನ್ ಇರುತ್ತವೆ. ಆ ಬೆಳಿಗ್ಗೆ ಕಾದಿದ್ದು ಒಂದು ಸ್ಕ್ವಾಡ್ರನ್. ಅಪ್ಪ ಅದರಲ್ಲಿದ್ದನೇ? ಅವ್ವನ ಹೆಬ್ಬೆಟ್ಟು ಹಾಕಿಸಿ, ಅಪ್ಪನ ನಂಬರು, ದರ್ಜೆ, ಹೆಸರು ಬರೆದು ಅಹ್ಮದ್‌ನಗರದ (ಈಗ ಅಹಿಲ್ಯಾನಗರ) ಆರ್ಮರ್ಡ್ ಕೋರ್ ರೆಕಾರ್ಡ್ಸ್‌ಗೆ ಅರ್ಜಿ ಕಳಿಸಿದ್ದೆ. ಮೂರು ತಿಂಗಳ ಮೇಲೆ ಒಂದು ಪುಟದ ಉತ್ತರ ಬಂತು. ಸೇರಿದ ದಿನ, ಬಿಟ್ಟ ದಿನ, ರೆಜಿಮೆಂಟು, ಪದಕಗಳು. ಯಾವ ದಿನ ಯಾವ ಟ್ಯಾಂಕಿನಲ್ಲಿದ್ದ ಎಂದು ಅದರಲ್ಲಿ ಎಲ್ಲಿ ಬರುತ್ತದೆ?

ಉಳಿದದ್ದು ಆ ಇನ್‌ಲ್ಯಾಂಡ್ ಲೆಟರು. ವಿಳಾಸ ಅರ್ಧ ಅಳಿಸಿತ್ತು. ತಿಂಗಳ ಸಾಮಾನಿಗೆ ಅವ್ವನನ್ನು ಕರೆದುಕೊಂಡು ಮಿಲಿಟರಿ ಕ್ಯಾಂಟೀನಿಗೆ ಹೋಗುತ್ತೇನಲ್ಲ, ಅಲ್ಲಿ ಕ್ಯೂನಲ್ಲಿ ನಿಂತ ಹಿರಿಯರನ್ನೆಲ್ಲ ಕೇಳತೊಡಗಿದೆ. "ಟ್ಯಾಂಕಿನವರು ಯಾರಾದರೂ ಇದ್ದೀರಾ? 45 ಕ್ಯಾವಲ್ರಿಯವರು ಗೊತ್ತಾ?" ಐದಾರು ತಿಂಗಳು ಹೀಗೇ ಕೇಳಿದ ಮೇಲೆ ಒಬ್ಬರು, "ಸೋಮವಾರಪೇಟೆ ಹತ್ತಿರ ಒಬ್ಬರಿದಾರಲ್ಲಮ್ಮ" ಎಂದು ಫೋನ್ ನಂಬರು ತರಿಸಿಕೊಟ್ಟರು. 2024ರ ನವೆಂಬರಿನಲ್ಲಿ ನಾನು, ನಮ್ಮ ಯಜಮಾನರು, ಅವ್ವ, ಮೂವರೂ ಹೋದೆವು.

ಕಾಫಿ ತೋಟದ ಮಧ್ಯೆ ಸಣ್ಣ ಹೆಂಚಿನ ಮನೆ. ಎಪ್ಪತ್ತೇಳು ವರ್ಷದ ಹಿರಿಯರು. ಅವರ ಕಿವಿಗೂ ಮಿಷನ್ನು. ನಾವು ಗೇಟಿನಲ್ಲಿರುವಾಗಲೇ "ಯಾರೂ?" ಎಂದು ಕೂಗಿದ ದನಿ ಕೇಳಿ ನನಗೆ ಎದೆ ಝಲ್ಲೆಂದಿತು. ಥೇಟ್ ಅಪ್ಪನ ಹಾಗೇ! ಅಪ್ಪನ ಫೋಟೋ ತೋರಿಸಿದೆ. ಬಹಳ ಹೊತ್ತು ನೋಡಿದರು. ಅವ್ವನ ಕಡೆ ತಿರುಗಿ, "ನಿಮ್ಮನ್ನ ಇದೇ ಮೊದಲು ನೋಡೋದು ಕಣಮ್ಮ. ನಿಮ್ಮ ಮದುವೆಗೆ ರಜೆ ಸಿಗಲಿಲ್ಲ" ಎಂದರು.

ನಾನು ಅವರನ್ನು ಮಾವ ಎಂದೇ ಕರೆದೆ. "ಮಾವ, ಅಪ್ಪ ಗರೀಬ್‌ಪುರದಲ್ಲಿ ಇದ್ನಾ?"

"ನಾನಿದ್ದೆ. ನಿಮ್ಮಪ್ಪ ಇರಲಿಲ್ಲ ಮಗಳೇ. ಅವತ್ತು ಅವನು ಹಿಂದೆ, ಲಾರಿ ಓಡಿಸ್ತಿದ್ದ. ಡೀಸೆಲ್ಲು, ಗುಂಡು ತರೋ ಲಾರಿ."

ನನಗೆ ಏನು ಹೇಳಬೇಕೋ ತಿಳಿಯಲಿಲ್ಲ. ಸುಳ್ಳು ಯಾಕೆ, ಮನಸ್ಸಿಗೆ ಸ್ವಲ್ಪ ನಿರಾಸೆಯೇ ಆಯಿತು. ಮಾವ ಕಾಫಿ ಲೋಟ ಕೆಳಗಿಟ್ಟು ನಿಧಾನಕ್ಕೆ ಹೇಳತೊಡಗಿದರು.

"ಆ ಪಿಪ್ಪಾದೊಳಗೆ ಮೂರೇ ಜನ. ಕಮಾಂಡರು, ಲೋಡರು, ಡ್ರೈವರು. ಡ್ರೈವರು ಮುಂದೆ ಮಧ್ಯದಲ್ಲಿ ಕೂರೋದು, ಸರಿಯಾಗಿ ಅವನ ತಲೆ ಮೇಲೇ ತೋಪಿನ ನಳಿಗೆ. ಫೈಟ್ ಆದ ಮಾರನೇ ದಿನ ಒಂದು ಟ್ಯಾಂಕಿನ ಡ್ರೈವರ್ ಹುಡುಗನಿಗೆ ಬಲವಾಗಿ ಏಟಾಗಿತ್ತು, ಆಸ್ಪತ್ರೆಗೆ ಸಾಗಿಸಿದ್ವಿ. ನಿಮ್ಮಪ್ಪನೂ ಅವನೂ ಒಂದೇ ಬ್ಯಾಚು. ತಮಿಳಿನವನು. ಟ್ಯಾಂಕು ಓಡೋ ಸ್ಥಿತೀಲಿತ್ತು, ಡ್ರೈವರ್ ಬೇಕು. ನಿಮ್ಮಪ್ಪನ್ನ ಕರೆಸಿದ್ರು. ಅವನು ಬಂದು ಮುಚ್ಚಳ ತೆಗೆದು ನೋಡಿದ. ಒಳಗೆಲ್ಲ ರಕ್ತ. ಒಂದು ಖಾಲಿ ತುಪ್ಪದ ಡಬ್ಬ ತಗೊಂಡು ಅಲ್ಲೇ ಕೆರೆಯಿಂದ ನೀರು ಹೊತ್ತು ಹೊತ್ತು ತಂದು ಒಬ್ಬನೇ ತೊಳೆದ. ನಾವು ಕೈ ಹಾಕೋಕೆ ಹೋದ್ರೆ ಬಿಡಲಿಲ್ಲ. ಎಷ್ಟು ತೊಳೆದ್ರೂ ವಾಸನೆ ಹೋಗಲಿಲ್ಲ. ಆಮೇಲೆ ಅದೇ ಸೀಟಿನಲ್ಲಿ ಕೂತು ಜೆಸ್ಸೋರ್‌ವರೆಗೂ, ಅಲ್ಲಿಂದ ಮುಂದಕ್ಕೂ ಓಡಿಸಿದ."

ನಾನು ಅವ್ವನ ಮುಖ ನೋಡಿದೆ, ಅವ್ವ ನನ್ನ ಮುಖ ನೋಡಿದಳು. ಬಾವಿಕಟ್ಟೆ, ಬೂದಿ, ಹುಣಸೆಹಣ್ಣು, ಬಿಸಿಲಿಗಿಟ್ಟ ಡಬ್ಬವನ್ನು ಮತ್ತೆ ಮತ್ತೆ ಮೂಸುವ ಅಪ್ಪ. ಇಬ್ಬರಿಗೂ ಅದೇ ಕಣ್ಣಮುಂದೆ ಬಂದಿತ್ತು.

"ಕಿವಿ ಹೋಗಿದ್ದು ಅಲ್ಲೇನಾ ಮಾವ?" ಎಂದು ಕೇಳಿದೆ.

"ಮತ್ತಿನ್ನೇನು? ಕಿವಿಗೆ ಹತ್ತಿ ತುರುಕಿಕೊಂಡ್ರೆ ಕಮಾಂಡರ ಮಾತು ಕೇಳಿಸಲ್ಲ. ತೆಗೆದ್ರೆ ತೋಪಿನ ಸದ್ದಿಗೆ ಕಿವಿ ಹೋಗ್ತದೆ. ಕಮಾಂಡರ ಮಾತು ಕೇಳಿಸದೆ ಇದ್ರೆ ಮೂರು ಜನಾನೂ ಹೋಗ್ತಾರೆ. ಅದಕ್ಕೆ ಹತ್ತಿ ತೆಗೆದುಬಿಡ್ತಿದ್ವಿ. ಅಷ್ಟೇ."

ಅಷ್ಟೇ ಎಂದು ಎಷ್ಟು ಸಲೀಸಾಗಿ ಹೇಳಿಬಿಟ್ಟರು! ವಾಪಸು ಬರುವಾಗ ಬಸ್ಸಿನಲ್ಲಿ ಕಿಟಕಿ ಕಡೆ ಮುಖ ಮಾಡಿಕೊಂಡು ಅತ್ತೆ. ಅವ್ವನಿಗೆ ಆ ಒಂಬತ್ತನೇ ಕ್ಲಾಸಿನ ಮಾತು ನೆನಪಿಸಿ, "ಅವತ್ತು ನಾನು ಹಾಗೆ ಅಂದಿದ್ದು ಅಪ್ಪನಿಗೆ ಕೇಳಿಸಿರಲಿಲ್ಲ ಅಲ್ವೇನವ್ವ?" ಎಂದೆ. ಅವ್ವ ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದಳು: "ಕೇಳಿಸಿತ್ತು ಕಣೇ. ಅದೊಂದು ಚೆನ್ನಾಗಿ ಕೇಳಿಸಿತ್ತು."

ಅವ್ವ ಬೇಕಂತ ನೋಯಿಸುವವಳಲ್ಲ. ಕೇಳಿದ್ದಕ್ಕೆ ನಿಜ ಹೇಳಿದಳು. ಈಗ ನಾನು ಯಾರ ಹತ್ತಿರ ಕ್ಷಮೆ ಕೇಳಲಿ, ನೀವೇ ಹೇಳಿ.

ಅಣ್ಣನಿಗೆ ವಿಷಯ ತಿಳಿಸಿದಾಗ ಮುಖ ಸಣ್ಣಗಾಯಿತು. "ಊರಿಗೆಲ್ಲ ಹೇಳಿಯಾಗಿದೆ. ಯಾರು ಬಂದು ಪರೀಕ್ಷೆ ಮಾಡ್ತಾರೆ? ಅವತ್ತೂ ಅಲ್ಲೇ ಇದ್ದನಲ್ಲ, ಲಾರಿಯಾದ್ರೇನು ಟ್ಯಾಂಕಾದ್ರೇನು?" ಎಂದ. ಅವನು ಹೇಳುವುದರಲ್ಲೂ ತಪ್ಪಿಲ್ಲ ಅನ್ನಿಸಿತು ಒಂದು ಗಳಿಗೆ. ಆದರೆ ಅಪ್ಪ ಐವತ್ತು ವರ್ಷ ಬಾಯಿ ಬಿಟ್ಟು ಒಂದು ಮಾತು ಹೇಳಿಕೊಳ್ಳಲಿಲ್ಲ. ಆ ಬೆಳಿಗ್ಗೆ ಮಂಜಿನಲ್ಲಿ ನಿಂತು ಕಾದವರು ಬೇರೆ ಇದ್ದಾರೆ, ಸತ್ತವರಿದ್ದಾರೆ. ಅವರದ್ದನ್ನು ತಂದು ಅಪ್ಪನ ಹೆಸರಿಗೆ ಹಚ್ಚಿದರೆ, ಅಪ್ಪ ನಿಜವಾಗಿ ಮಾಡಿದ್ದು ಅದರ ಕೆಳಗೆ ಮುಚ್ಚಿಹೋಗುತ್ತದೆ. ಸ್ನೇಹಿತನ ರಕ್ತ ತೊಳೆದು, ಅವನ ಸೀಟಿನಲ್ಲೇ ಕೂತು ಗಾಡಿ ಓಡಿಸಿದ್ದು ಏನು ಸಣ್ಣದೇ? "ಇದ್ದದ್ದನ್ನ ಇದ್ದ ಹಾಗೆ ಹಾಕಿಸು. ಇಲ್ಲದಿದ್ರೆ ಫ್ಲೆಕ್ಸೇ ಬೇಡ" ಎಂದುಬಿಟ್ಟೆ. ಅವ್ವ ನನ್ನ ಪರ ನಿಂತಳು. ಅಣ್ಣ ಒಂದು ವಾರ ಫೋನ್ ಮಾಡಲಿಲ್ಲ. ಕೊನೆಗೆ ಫ್ಲೆಕ್ಸಿನಲ್ಲಿ ಅಪ್ಪನ ಫೋಟೋ, ನಂಬರು, ಹೆಸರು, 'ಟ್ಯಾಂಕ್ ಚಾಲಕ, 45 ಕ್ಯಾವಲ್ರಿ, ಪೂರ್ವಿ ಸ್ಟಾರ್, 1971' ಎಂದಷ್ಟೇ ಬಂತು. ಶಾಲೆಯ ಮಕ್ಕಳು ಸಾಲಾಗಿ ನಿಂತು ಸೆಲ್ಯೂಟ್ ಹೊಡೆದರು. ಹೆಡ್‌ಮಾಸ್ತರು ನನ್ನನ್ನು ನಾಲ್ಕು ಮಾತಾಡಲು ಕರೆದರು. ನನಗೆ ಮಾತು ಬರಲಿಲ್ಲ. ನಮ್ಮಪ್ಪನನ್ನು ಬರಬೇಡ ಎಂದದ್ದು ಅದೇ ಶಾಲೆಗಲ್ಲವೇ.

ಅಕ್ಕತಂಗಿಯರೇ, ನಿಮ್ಮಲ್ಲಿ ಎಷ್ಟೋ ಜನರ ಅಪ್ಪ, ಮಾವ, ದೊಡ್ಡಪ್ಪ ಮಿಲಿಟರಿಯಲ್ಲಿದ್ದವರು ಇರಬಹುದು. ನನ್ನ ಅನುಭವದ ಮೇಲೆ ಒಂದೆರಡು ಮಾತು ಹೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡಿ. ಡಿಸ್ಚಾರ್ಜ್ ಬುಕ್ಕು, ಪಿ.ಪಿ.ಓ. ಎಲ್ಲಿದೆ ಎಂದು ಈಗಲೇ ನೋಡಿ ಜೆರಾಕ್ಸ್ ಮಾಡಿಸಿಡಿ. ಹೆಂಡತಿಯ ಹೆಸರು, ಹುಟ್ಟಿದ ತಾರೀಕು ದಾಖಲೆಯಲ್ಲೂ ಆಧಾರಿನಲ್ಲೂ ಒಂದೇ ಇದೆಯೇ ನೋಡಿ. ಇಲ್ಲದಿದ್ದರೆ ಅವರು ಇರುವಾಗಲೇ ಸೈನಿಕ ಕಲ್ಯಾಣ ಕಚೇರಿಯಲ್ಲಿ ಕೇಳಿ ಸರಿಪಡಿಸಿಕೊಳ್ಳಿ, ಆಮೇಲೆ ವಿಧವೆಯಾದವಳು ಅಲೆಯುವುದು ಬಹಳ ಕಷ್ಟ. ಸೈನ್ಯದ ನಂಬರನ್ನು ಬೇರೆ ಕಡೆ ಬರೆದಿಡಿ. ಯಾವ ಅರ್ಜಿಗೂ ಅದೇ ಬೀಗದ ಕೈ. ಕಾಗದ ಕಳೆದಿದ್ದರೆ ಪದಕದ ಅಂಚು ನೋಡಿ, ಅಲ್ಲಿ ಇರುತ್ತದೆ. ಪದಕಗಳಿಗೆ ಹುಣಸೆಹಣ್ಣು ಹಾಕಿ ಉಜ್ಜಬೇಡಿ, ಅಕ್ಷರ ಅಳಿಸೀತು. ಒಣ ಬಟ್ಟೆಯಲ್ಲಿ ಒರೆಸಿದರೆ ಸಾಕು.

ಎಲ್ಲಕ್ಕಿಂತ ಮುಖ್ಯವಾದದ್ದು, ಅವರು ಬದುಕಿದ್ದರೆ ಹತ್ತಿರ ಕೂತು ಕೇಳಿ. ಕಿವಿ ಮಂದವಾಗಿದ್ದರೆ ಗಟ್ಟಿಯಾಗಿ ಕೇಳಿ. ಅವರು ಗಟ್ಟಿಯಾಗಿ ಉತ್ತರ ಹೇಳಿದರೆ ನಾಚಿಕೆಪಡಬೇಡಿ.

ಹೋದ ತಿಂಗಳು ನಮ್ಮ ಮನೆಯ ಎಣ್ಣೆ ಡಬ್ಬ ಖಾಲಿಯಾಯಿತು. ಕೆಲಸದವಳು ತೊಳೆಯಲು ಎತ್ತಿಕೊಂಡಳು. "ಅದನ್ನಿಡು, ಪಿಪ್ಪಾ ನಾನೇ ತೊಳೀತೀನಿ" ಎಂದೆ. ಅತ್ತೆ ಒಳಗಿನಿಂದ ಕೇಳಿಸಿಕೊಂಡರು. ಈ ಸಲ ನಗಲಿಲ್ಲ.